ಯುರೋಪಿಯನ್ ಯೂನಿಯನ್‌ಗೆ ಒಂದು ಎಂಬೆಸಿ ಸಾಲಲ್ವಾ?

ತುಂಬಾ ಜನ ಕೇಳೋ ಪ್ರಶ್ನೆ ಇದು: "ದೆಹಲೀಲಿ ಯುರೋಪಿಯನ್ ಯೂನಿಯನ್‌ದೇ ಆಫೀಸಿದೆ, ರಾಯಭಾರಿನೂ ಇದಾರೆ, ಹಂಗಿದ್ಮೇಲೆ ಜರ್ಮನಿ, ಫ್ರಾನ್ಸ್, ಇಟಲಿ ಎಲ್ಲಾ ಬೇರೆ ಬೇರೆ ಎಂಬೆಸಿ ಯಾಕೆ ಇಟ್ಕೊಂಡಿದಾವೆ? ಆ ಒಂದನ್ನೇ ಗಟ್ಟಿ ಮಾಡಿದ್ರೆ ಖರ್ಚೂ ಉಳಿಯುತ್ತಲ್ವಾ?"

ಖರ್ಚು ಉಳಿಯುತ್ತೆ, ನಿಜ. ಆದ್ರೆ ನಾವು ಎಂಬೆಸಿ ಅಂದ್ರೆ ಏನು ಅಂದ್ಕೊಂಡಿದೀವೋ ಆ ಕೆಲಸಗಳಲ್ಲಿ ಎಷ್ಟೋ ಯೂನಿಯನ್ನಿನ ಆಫೀಸಲ್ಲಿ ನಡೆಯೋದೇ ಇಲ್ಲ. ಪಾಸ್‌ಪೋರ್ಟ್ ಕೊಡಲ್ಲ, ವೀಸಾನೂ ಕೊಡಲ್ಲ. ಶೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶ ಸುತ್ತೋಕೆ ಸಾಕಾಗೋ ಒಂದೇ ವೀಸಾ) ರೂಲ್ಸ್ ಎಲ್ಲಾ ಕಡೆ ಒಂದೇ, ಆದ್ರೂ ಬೆಂಗಳೂರಿಂದ ಜರ್ಮನಿಗೆ ಅಂತ ಅರ್ಜಿ ಹಾಕಿದ್ರೆ ಕೊಡ್ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋರು ಜರ್ಮನಿಯವ್ರೇ.

ಮತ್ತೆ ಅಲ್ಲಿ ಏನ್ ಮಾಡ್ತಾರೆ? ಮೊದಲೆಲ್ಲಾ ಇವು ಬ್ರಸೆಲ್ಸ್‌ನ ಯುರೋಪಿಯನ್ ಕಮಿಷನ್ನಿನ, ಅಂದ್ರೆ ಯೂನಿಯನ್ನಿನ ಆಡಳಿತ ನಡೆಸೋ ಸಂಸ್ಥೆಯ ಆಫೀಸುಗಳು, ವ್ಯಾಪಾರ, ಅಭಿವೃದ್ಧಿ ನೆರವು, ಇಷ್ಟರ ಸುತ್ತಾನೇ ಓಡಾಟ. 2009ರ ಡಿಸೆಂಬರ್‌ನಲ್ಲಿ ಲಿಸ್ಬನ್ ಒಪ್ಪಂದ ಜಾರಿಗೆ ಬಂತು, ಅದರ ಪ್ರಕಾರ ಇಡೀ ಯೂನಿಯನ್‌ಗೆ ಸೇರಿದ ಒಂದು ರಾಜತಾಂತ್ರಿಕ ಸೇವೆ ಮಾಡಿ, 2011ರಿಂದ ಕೆಲಸ ಶುರು ಮಾಡಿದ್ರು, ಹಳೇ ಆಫೀಸುಗಳೆಲ್ಲಾ ಯೂನಿಯನ್ನಿನ ಡೆಲಿಗೇಶನ್‌ಗಳಾದ್ವು. ಈಗ ಪ್ರಪಂಚದಲ್ಲಿ 140ಕ್ಕೂ ಜಾಸ್ತಿ ಇದಾವೆ. ಅಧಿಕಾರಿಗಳಲ್ಲಿ ಮೂರನೇ ಒಂದು ಭಾಗನಾದ್ರೂ ಸದಸ್ಯ ದೇಶಗಳ ಡಿಪ್ಲೊಮ್ಯಾಟ್‌ಗಳೇ ಇರ್ಬೇಕು ಅಂತ ನಿಯಮ. ಈ ಸೇವೆಯ ಮೊದಲ ಮುಖ್ಯಸ್ಥೆ ಬ್ರಿಟನ್ನಿನ ಕ್ಯಾಥರಿನ್ ಆಶ್ಟನ್. (ಅದೇ ಬ್ರಿಟನ್ ಯೂನಿಯನ್ ಬಿಟ್ಟು ಹೋದ್ಮೇಲೆ, ಲಂಡನ್‌ನಲ್ಲಿರೋ ಡೆಲಿಗೇಶನ್‌ಗೆ ಪೂರ್ತಿ ರಾಯಭಾರಿ ಮರ್ಯಾದೆ ಕೊಡಲ್ಲ ಅಂತ ಹಠ ಹಿಡಿದು ಕೂತಿತ್ತು, 2021ರ ಮೇ ತಿಂಗಳಲ್ಲಿ ಅಂತೂ ಒಪ್ಕೊಳ್ತು.)

ನಿಜವಾದ ತೊಡಕು ಆಫೀಸಿಂದಲ್ಲ, ಅಧಿಕಾರದ್ದು. ವಿದೇಶಾಂಗ ನೀತಿ ವಿಷಯದಲ್ಲಿ ಸಾಮಾನ್ಯವಾಗಿ 27 ದೇಶನೂ ಒಪ್ಪಿದ್ರೇನೆ ಅದು ಯೂನಿಯನ್ನಿನ ಮಾತು. ಮನೆಯವ್ರು ಹಿರಿಯರೊಬ್ಬರನ್ನ ಸಂಬಂಧ ಮಾತಾಡೋಕೆ ಕಳಿಸ್ತಾರೆ, ಆದ್ರೆ ಅಲ್ಲಿ ಏನೂ ಒಪ್ಕೊಂಡು ಬರ್ಬೇಡಿ ಅಂತ ಹೇಳಿ ಕಳಿಸ್ತಾರೆ, ಹಂಗಿದೆ ರಾಯಭಾರಿ ಪರಿಸ್ಥಿತಿ. 2024ರ ಫೆಬ್ರವರೀಲಿ ಗಾಜಾದ ರಫಾ ಊರಿನ ಮೇಲೆ ಇಸ್ರೇಲ್ ದಾಳಿ ಮಾಡ್ಬಾರ್ದು ಅಂತ ಹೇಳೋ ವಿಷಯಕ್ಕೆ ಹಂಗೇ ಆಯ್ತು, ಹಂಗೇರಿ ಒಂದು ಸೇರ್ಲಿಲ್ಲ, ಕೊನೆಗೆ 26 ದೇಶಗಳ ಹೆಸರಲ್ಲಿ ಹೇಳಿಕೆ ಬಂತು. ಇಂಥ ಟೈಮಲ್ಲಿ ಡೆಲಿಗೇಶನ್‌ಗೆ ಇನ್ನೂ ನೂರು ಜನ ಸ್ಟಾಫ್ ಕೊಟ್ರೂ ಅವ್ರು ಹೊರಗಡೆ ಹೇಳೋಕೆ ಮಾತೇ ಇರಲ್ಲ. ಒಂದೇ ದೇಶ ಬೇಡ ಅಂದ್ರೂ ಎಲ್ಲಾ ನಿಲ್ಲಿಸೋ ಈ ವೀಟೋ ತೆಗೀಬೇಕು ಅನ್ನೋ ಚರ್ಚೆ ವರ್ಷಗಳಿಂದ ಇದೆ, ಆದ್ರೆ ವೀಟೋ ತೆಗೆಯೋಕೂ ಎಲ್ಲಾರ ಒಪ್ಪಿಗೆ ಬೇಕು!

ವ್ಯಾಪಾರದ ಮಾತುಕತೆನೂ ಇವ್ರ ಕೈಲಿಲ್ಲ, ಅದು ಇವತ್ತಿಗೂ ಕಮಿಷನ್ನಿನ ಟ್ರೇಡ್ ವಿಭಾಗದ್ದು.

ಹಾಗಂತ ವೇಸ್ಟ್ ಅನ್ನೋಕಾಗಲ್ಲ. ಒಂದು ರಾಜಧಾನೀಲಿರೋ ಸದಸ್ಯ ದೇಶಗಳ ರಾಯಭಾರಿಗಳನ್ನೆಲ್ಲಾ ಕೂರಿಸಿ ಮೀಟಿಂಗ್ ನಡೆಸೋರು ಇವ್ರೇ, ಮೊದಲು ಅದು ಆರಾರು ತಿಂಗಳಿಗೆ ಬದಲಾಗೋ ಅಧ್ಯಕ್ಷ ದೇಶದ ಕೆಲಸ ಆಗಿತ್ತು. ಮಾಲ್ಟಾ, ಲಕ್ಸೆಂಬರ್ಗ್ ತರದ ಚಿಕ್ಕ ದೇಶಗಳು ಎಲ್ಲಾ ಕಡೆ ಎಂಬೆಸಿ ಇಡೋಕಾಗಲ್ಲ, ಅವ್ರಿಗೆ ಈ ಆಫೀಸೇ ಕಣ್ಣು ಕಿವಿ.

ನನ್ನ ಪ್ರಕಾರ ಗಟ್ಟಿ ಮಾಡೋದಾದ್ರೆ ಶುರು ಮಾಡ್ಬೇಕಾಗಿರೋದು ದೊಡ್ಡ ರಾಜಕೀಯದಿಂದಲ್ಲ, ಕಷ್ಟಕ್ಕೆ ಸಿಕ್ಕಿಹಾಕ್ಕೊಂಡ ಜನರಿಗೆ ಸಹಾಯ ಮಾಡೋದ್ರಿಂದ. ತನ್ನ ದೇಶದ ಎಂಬೆಸಿ ಇಲ್ಲದ ಕಡೆ ಮಾಲ್ಟಾದವನೊಬ್ಬ ಪಾಸ್‌ಪೋರ್ಟ್ ಕಳ್ಕೊಂಡ್ರೆ ಯೂನಿಯನ್ನಿನ ಬೇರೆ ಯಾವ ದೇಶದ ಎಂಬೆಸಿಗೆ ಹೋದ್ರೂ ತಮ್ಮವರಿಗೆ ಮಾಡೋ ಹಾಗೇ ಅವನಿಗೂ ಮಾಡ್ಬೇಕು ಅಂತ ಈಗಾಗಲೇ ಕಾನೂನಿದೆ. ಆದ್ರೆ ಅದ್ರಲ್ಲಿ ಭಾರ ಬೀಳೋದು ದೇಶಗಳ ಎಂಬೆಸಿ ಮೇಲೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗಲೂ ವಿಮಾನ ಕಳ್ಸಿ ಬೇರೆ ದೇಶದವ್ರನ್ನೂ ಎತ್ಕೊಂಡು ಬಂದಿದ್ದು ಫ್ರಾನ್ಸ್, ಜರ್ಮನಿ ಅಂಥವ್ರು, ಡೆಲಿಗೇಶನ್ ಹತ್ರ ವಿಮಾನ ಎಲ್ಲಿಂದ ಬರ್ಬೇಕು. ಅದೇ ವರ್ಷ ಡಿಸೆಂಬರ್‌ನಲ್ಲಿ, ಇಂಥ ಟೈಮಲ್ಲಿ ಡೆಲಿಗೇಶನ್‌ಗಳಿಗೆ ಜಾಸ್ತಿ ಪಾತ್ರ ಕೊಡೋಣ ಅಂತ ಕಮಿಷನ್ ಪ್ರಸ್ತಾಪ ಇಡ್ತು. ಫ್ರಾನ್ಸ್, ಜರ್ಮನಿ ಇದನ್ನ ನೋಡಿ ತಮ್ಮ ಎಂಬೆಸಿ ಮುಚ್ತಾವೆ ಅಂತ ಯಾರೂ ಕಾಯ್ಬೇಡಿ, ಅವ್ರಿಗೆ ಇದು ಎಕ್ಸ್‌ಟ್ರಾ, ಚಿಕ್ಕ ದೇಶಗಳಿಗೆ ಮಾತ್ರ ಎಷ್ಟೋ ಕಡೆ ಇದೊಂದೇ ಬಾಗ್ಲು.