ಪಾಟ್‌ನ ಮೂರು ಕಾಲು, ವಿಸಿಸಿ ಬಾಣ: ಡಯಾಗ್ರಾಂ ಓದುವವರಿಗೆ ಒಂದಿಷ್ಟು ಟಿಪ್ಪಣಿ

ತುಮಕೂರು ಕಡೆ ಡಿಪ್ಲೊಮಾ ಓದುವವರು ಪ್ರಾಜೆಕ್ಟ್ ಅಂದರೆ ಮಣ್ಣಿನ ತೇವ ನೋಡುವ ಸರ್ಕ್ಯೂಟ್‌ಗೆ ಕೈ ಹಾಕುವುದು ಜಾಸ್ತಿ. ಮನೆಯಲ್ಲಿ ತೆಂಗೋ ಅಡಿಕೆಯೋ ಇರುತ್ತದೆ, ಅಲ್ವಾ. ಡಯಾಗ್ರಾಂ ಕೂಡ ಚಿಕ್ಕದು: ಎಲ್‌ಎಂ393 ಐಸಿ (ಎರಡು ವೋಲ್ಟೇಜ್ ಹೋಲಿಸುವ ಕಂಪ್ಯಾರೇಟರ್), ಒಂದು 10ಕೆ, ಅಂದರೆ 10,000 ಓಮ್ ಪಾಟ್ (ಪೊಟೆನ್ಷಿಯೋಮೀಟರ್, ಗುಂಡಿ ತಿರುಗಿಸುವ ಮೂರು ಕಾಲಿನ ರೆಸಿಸ್ಟರ್), ಎಲ್‌ಇಡಿ, ನಾಲ್ಕೈದು ರೆಸಿಸ್ಟರ್. ಆದರೂ ವೈರ್ ಹಾಕಲು ಕೂತರೆ ಎರಡು ಕಡೆ ಗಾಡಿ ನಿಲ್ಲುತ್ತದೆ. ಒಂದು ಸಪ್ಲೈ ಗುರುತು, ಇನ್ನೊಂದು ಪಾಟ್.

ಸಪ್ಲೈ ವಿಷಯ ಬೇಗ ಮುಗಿಸೋಣ. ವಿಸಿಸಿ, ಅಂದರೆ ಸಪ್ಲೈನ ಪ್ಲಸ್, ಅಂತ ಬರೆದ ಬಾಣ ಹಾಳೆಯ ಐದು ಕಡೆ ಇದ್ದರೂ ಅದೆಲ್ಲ ಒಂದೇ ವೈರ್. ಗೆರೆ ಎಳೆದರೆ ಚಿತ್ರ ಗೋಜಲಾಗುತ್ತದೆ ಅಂತ ಹೆಸರು ಬರೆದು ಬಿಟ್ಟಿರುತ್ತಾರೆ. ಗ್ರೌಂಡ್ ಗುರುತಿಗೂ ಇದೇ ಮಾತು. ವಿಸಿಸಿ ಅನ್ನುವುದು ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಕಡೆಯಿಂದ ಬಂದ ಹೆಸರು, ವಿಡಿಡಿ ಫೆಟ್ ಜಾತಿಯ ಟ್ರಾನ್ಸಿಸ್ಟರ್‌ನ ಡ್ರೈನ್ ಕಡೆಯಿಂದ. ಹೆಸರು ನೋಡಿ ಎಷ್ಟು ವೋಲ್ಟ್ ಅಂತ ಹೇಳಲು ಆಗುವುದಿಲ್ಲ, ಅದನ್ನು ಡಯಾಗ್ರಾಂನಲ್ಲೇ ಎಲ್ಲಾದರೂ ಬರೆದಿರುತ್ತಾರೆ, ಹುಡುಕಬೇಕು. ಇನ್ನು ಐಸಿಯನ್ನು ಬರೀ ತ್ರಿಕೋನವಾಗಿ ಬರೆದು ಸಪ್ಲೈ ಕಾಲುಗಳನ್ನು ತೋರಿಸದೇ ಇರುವುದೂ ಉಂಟು. ಎಲ್‌ಎಂ393ಗೆ 8ನೇ ಕಾಲು ಪ್ಲಸ್, 4ನೇ ಕಾಲು ಗ್ರೌಂಡ್. ಚಿತ್ರದಲ್ಲಿ ಇಲ್ಲ ಅಂತ ಬಿಟ್ಟರೆ ಐಸಿ ಸುಮ್ನೆ ಕೂತಿರುತ್ತದೆ.

+9, -9 ಅಂತ ಕಂಡರೆ ಗಾಬರಿ ಬೇಡ. ಎರಡು 9 ವೋಲ್ಟ್ ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ನಡುವಿನ ಜಾಯಿಂಟನ್ನು ಗ್ರೌಂಡ್ ಅಂತ ಕರೆದಿದ್ದಾರೆ, ಅಷ್ಟೇ. ಗ್ರೌಂಡ್ ಅಂದರೆ ಯಾವಾಗಲೂ ಬ್ಯಾಟರಿಯ ಮೈನಸ್ ಅಲ್ಲ. ಎಲ್ಲಿಂದ ಅಳೆಯುತ್ತೇವೋ ಅದೇ ಸೊನ್ನೆ.

ಈಗ ಪಾಟ್. ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

10ಕೆ ಅಂದರೆ ಎರಡು ತುದಿಗಳ ನಡುವಿನ ಬೆಲೆ. ಗುಂಡಿ ಎಷ್ಟೇ ತಿರುಗಿಸಿದರೂ ಅದು ಬದಲಾಗುವುದಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿ: ತುದಿಯ ಕಾಲುಗಳಾದ 1 ಮತ್ತು 3ರ ನಡುವೆ ಸದಾ ಸುಮಾರು 10ಕೆ. ನಡುವಿನ ಕಾಲು, ಅಂದರೆ ವೈಪರ್, ಆ 10ಕೆ ಅನ್ನು ಎರಡು ಪಾಲು ಮಾಡುತ್ತದೆ. ಒಂದು ಪಾಲು ಏರಿದಷ್ಟೇ ಇನ್ನೊಂದು ಇಳಿಯುತ್ತದೆ. ಚಿತ್ರದಲ್ಲಿ ರೆಸಿಸ್ಟರ್ ಮೇಲೆ ಚುಚ್ಚಿರುವ ಬಾಣವೇ ಈ ವೈಪರ್.

ಹಾಗಾದರೆ ವೈಪರ್‌ನಲ್ಲಿ ಎಷ್ಟು ವೋಲ್ಟ್? ಇದಕ್ಕೆ ಪಾಟ್ ನೋಡಬೇಡಿ, ಅದರ ತುದಿಗಳು ಎಲ್ಲಿ ಸೇರಿವೆ ನೋಡಿ. ನನಗೆ ತುಂಬಾ ಕೆಲಸಕ್ಕೆ ಬಂದ ಉಪಾಯ ಇದು: ಪೆನ್ಸಿಲ್ ತಗೊಂಡು ಎರಡೂ ತುದಿಯ ಪಕ್ಕ ವೋಲ್ಟೇಜ್ ಬರೆದುಬಿಡಿ, ವೈಪರ್ ಅವೆರಡರ ಒಳಗೇ ಓಡಾಡುತ್ತದೆ. ತುದಿಗಳು 5 ಮತ್ತು 0 ಆದರೆ ಮಧ್ಯದಲ್ಲಿ 2.5. +9 ಮತ್ತು -9 ಆದರೆ ಮಧ್ಯದಲ್ಲಿ ಸೊನ್ನೆ. ಮೇಲಿನ ತುದಿ 5 ವೋಲ್ಟ್‌ಗೆ ಸೇರಿ, ಕೆಳಗಿನ ತುದಿ ನೇರ ಗ್ರೌಂಡ್‌ಗೆ ಹೋಗದೆ ಇನ್ನೊಂದು 10ಕೆ ರೆಸಿಸ್ಟರ್ ಮೂಲಕ ಹೋದರೆ ಆ ತುದಿಯಲ್ಲೇ 2.5 ವೋಲ್ಟ್ ಇರುತ್ತದೆ, ಆಗ ವೈಪರ್ 2.5ರಿಂದ 5ರ ತನಕ ಮಾತ್ರ.

ಕೆಳಗಿನ ತುದಿಯನ್ನು ಎಲ್ಲಿಗೂ ಕೊಡದೇ ಇದ್ದರೆ? ವೈಪರ್ ಹೋಗುವುದು ಕಂಪ್ಯಾರೇಟರ್ ಇನ್‌ಪುಟ್‌ಗೆ, ಅದು ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ಪಾಟ್‌ನಲ್ಲಿ ಕರೆಂಟ್ ಹರಿಯದಿದ್ದರೆ ವೋಲ್ಟೇಜ್ ಬೀಳುವುದೂ ಇಲ್ಲ. ಗುಂಡಿ ಎತ್ತ ತಿರುಗಿಸಿದರೂ ಮೀಟರ್ 5 ಅಂತಲೇ ತೋರಿಸುತ್ತದೆ. ಪಾಟ್ ಹೋಗಿದೆ ಅಂತ ಬಿಸಾಡುವ ಮೊದಲು ಆ ಗ್ರೌಂಡ್ ವೈರ್ ನೋಡಿ.

ಇದರ ಇನ್ನೊಂದು ಮುಖ ಲೋಡ್, ಅಂದರೆ ವೈಪರ್‌ನಿಂದ ಕರೆಂಟ್ ಎಳೆಯುವ ಭಾಗ. 5 ವೋಲ್ಟ್‌ಗೆ ಕಟ್ಟಿದ 10ಕೆ ಪಾಟ್ ಮಧ್ಯಕ್ಕಿದೆ, ಮೇಲೆ 5ಕೆ, ಕೆಳಗೆ 5ಕೆ, 2.5 ವೋಲ್ಟ್. ವೈಪರ್‌ನಿಂದ ಗ್ರೌಂಡ್‌ಗೆ 1ಕೆ ಲೋಡ್ ಹಾಕಿ. ಈಗ ಕೆಳಗಿನ 5ಕೆ ಜೊತೆ 1ಕೆ ಸಮಾಂತರ, ಎರಡೂ ಸೇರಿ ಸುಮಾರು 833 ಓಮ್. ಒಟ್ಟು 5833ರಲ್ಲಿ 833ರ ಪಾಲು ಅಂದರೆ 0.71 ವೋಲ್ಟ್. ಎಲ್ಲಿಯ 2.5, ಎಲ್ಲಿಯ 0.71! ಅದೇ ಲೋಡ್ 100ಕೆ ಆಗಿದ್ದರೆ 2.44, ನಡೆಯುತ್ತದೆ. ಲೋಡ್ ಪಾಟ್‌ಗಿಂತ ಹತ್ತು ಪಟ್ಟಾದರೂ ಇರಲಿ. 12 ವೋಲ್ಟ್‌ನಿಂದ ಪಾಟ್ ಹಾಕಿ ಸಣ್ಣ ಮೋಟಾರ್ ಓಡಿಸುತ್ತೇನೆ ಅನ್ನುವವರು ಹೊಗೆ ನೋಡುತ್ತಾರೆ.

ಕೆಲವು ಚಿತ್ರಗಳಲ್ಲಿ ವೈಪರ್ ಅನ್ನು ಒಂದು ತುದಿಗೇ ಸೇರಿಸಿರುತ್ತಾರೆ. ಅಲ್ಲಿ ಪಾಟ್ ಬರೀ ಏರಿಳಿಯುವ ರೆಸಿಸ್ಟರ್. ತುದಿಯನ್ನು ಬಿಡದೆ ಸೇರಿಸುವುದು ಯಾಕೆ ಅಂದರೆ, ವೈಪರ್ ಸಂಪರ್ಕ ತಪ್ಪಿದರೂ ಪೂರ್ತಿ 10ಕೆ ಉಳಿಯುತ್ತದೆ, ಸರ್ಕ್ಯೂಟ್ ತೆರೆದುಕೊಳ್ಳುವುದಿಲ್ಲ. ಎಲ್‌ಇಡಿಗೆ ಹೀಗೆ ಹಾಕಿದರೆ ಜೊತೆಗೆ ಒಂದು 330 ಓಮ್ ಇರಲೇಬೇಕು, ಗುಂಡಿ ಕೊನೆಗೆ ಹೋದಾಗ ಪಾಟ್ ಸೊನ್ನೆ.

ಪಾಟ್ ಕೊಳ್ಳಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರಿಗೆ: ಬಿ10ಕೆ ಅಂದರೆ ಸಾಮಾನ್ಯವಾಗಿ ಲೀನಿಯರ್ (ತಿರುಗಿಸಿದಷ್ಟೇ ಸಮವಾಗಿ ಬದಲಾಗುವುದು), ಎ10ಕೆ ಆಡಿಯೋ ವಾಲ್ಯೂಮ್‌ಗೆ. ನಮಗೆ ಬೇಕಾದದ್ದು ಬಿ. ಸೆನ್ಸರ್ ಬೋರ್ಡ್ ಮೇಲಿನ ನೀಲಿ ಚೌಕ ಟ್ರಿಮ್‌ಪಾಟ್‌ನಲ್ಲಿ (ಸ್ಕ್ರೂ ತಿರುಗಿಸುವ ಪುಟ್ಟ ಪಾಟ್) 103 ಅಂತ ಇದ್ದರೆ 10ರ ಮುಂದೆ ಮೂರು ಸೊನ್ನೆ, 10ಕೆ. ಹಿತ್ತಾಳೆ ಸ್ಕ್ರೂ ಮೂಲೆಯಲ್ಲಿದ್ದರೆ ಅದು ಬಹುಸುತ್ತಿನದು, ಕೆಲವಕ್ಕೆ 25 ಸುತ್ತು ಬೇಕು. ಒಂದೆರಡು ಸುತ್ತಿಗೆ ಏನೂ ಬದಲಾದಂತೆ ಕಾಣುವುದಿಲ್ಲ, ಕೊನೆ ಮುಟ್ಟಿದಾಗಲೂ ಸ್ಕ್ರೂ ನಿಲ್ಲದೆ ಟಿಕ್ ಟಿಕ್ ಅಂತ ಜಾರುತ್ತದೆ. ಕಪ್ಪು ಪ್ರೋಬ್ ಗ್ರೌಂಡ್‌ಗೆ, ಕೆಂಪು ವೈಪರ್‌ಗೆ ಹಿಡಿದು, ಮೀಟರ್ ನೋಡಿಕೊಂಡೇ ತಿರುಗಿಸಿ.