ವಿದೇಶಿ ವಿದ್ಯಾರ್ಥಿಯ ಪ್ರವಾಸ: ಹಣಕ್ಕಿಂತ ಮೊದಲು ಬರುವ ಅಡ್ಡಿಗಳು

ಓದಲೆಂದು ಬೇರೆ ದೇಶಕ್ಕೆ ಹೋದವರು ಆ ದೇಶವನ್ನು ಎಷ್ಟು ಸುತ್ತುತ್ತಾರೆ ಎಂಬ ಪ್ರಶ್ನೆ ಬಂದಾಗಲೆಲ್ಲ ಮೊದಲು ಕೇಳಿಬರುವ ಉತ್ತರ ಹಣದ್ದು. ಇಂತಹ ವಿದ್ಯಾರ್ಥಿಗಳಿಗೆ ಸಲಹೆ ನೀಡುವ ಕೆಲಸದಲ್ಲಿ ನಾನು ಕಂಡುಕೊಂಡಂತೆ, ಎಷ್ಟು ದಿನ ಹೋಗಬೇಕು, ಎಲ್ಲಿ ತಂಗಬೇಕು ಎಂಬುದನ್ನು ಹಣ ತೀರ್ಮಾನಿಸುತ್ತದೆಯಾದರೂ, ಹೊರಡುವುದೋ ಬೇಡವೋ ಎಂಬುದು ಹೆಚ್ಚಾಗಿ ನಿಂತಿರುವುದು ಜೊತೆಗೆ ಯಾರು ಬರುತ್ತಾರೆ ಎಂಬುದರ ಮೇಲೆ.

ಸಂಶೋಧಕರಾದ ಕ್ರಾಫರ್ಡ್, ಜಾಕ್ಸನ್ ಮತ್ತು ಗಾಡ್ಬಿ 1991ರಲ್ಲಿ ವಿರಾಮ ಚಟುವಟಿಕೆಗಳ ಕುರಿತು ಮಂಡಿಸಿದ ಮಾದರಿ ಇದನ್ನು ಅರಿಯಲು ನೆರವಾಗುತ್ತದೆ. ಅದರ ಪ್ರಕಾರ ಮೊದಲ ಅಡ್ಡಿ ಮನಸ್ಸಿನ ಅಳುಕು, ಎರಡನೆಯದು ಜೊತೆಗಾರರ ಕೊರತೆ. ಸಮಯ, ಹಣ, ಸಾರಿಗೆಯ ತೊಡಕುಗಳು ಎದುರಾಗುವುದು ಇವೆರಡನ್ನೂ ದಾಟಿದ ನಂತರ. ಭಾಷೆಯಲ್ಲಿ ತಡವರಿಸುವವರು, ಮೈಬಣ್ಣ ಅಥವಾ ಉಡುಪಿನ ಕಾರಣಕ್ಕೆ ಅವಮಾನ ಉಂಡವರು, ಅಪರಿಚಿತ ಊರಿನಲ್ಲಿ ಒಂಟಿಯಾಗಿ ತಂಗಲು ಹಿಂಜರಿಯುವ ಯುವತಿಯರು ತಮ್ಮ ದೇಶದವರು ಹೆಚ್ಚಾಗಿರುವ ದೊಡ್ಡ ನಗರಗಳನ್ನೇ ಆರಿಸಿಕೊಳ್ಳುವುದು ಸಹಜ. ಇದನ್ನು ಕುತೂಹಲದ ಕೊರತೆ ಎನ್ನುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಪ್ರವಾಸೋದ್ಯಮ ಇಲಾಖೆಯ ಜಾಹೀರಾತಿಗಿಂತ ಹಿರಿಯ ವಿದ್ಯಾರ್ಥಿಯೊಬ್ಬ ಹಂಚಿಕೊಂಡ ಚಿತ್ರವನ್ನು ಅವರು ಹೆಚ್ಚು ನಂಬುವುದಕ್ಕೂ ಇದೇ ಕಾರಣ: ತಮ್ಮಂಥವರು ಅಲ್ಲಿಗೆ ಹೋಗಿ ಸುರಕ್ಷಿತವಾಗಿ ಮರಳಿದ್ದಾರೆ ಎಂಬ ಭರವಸೆ ಅದರಲ್ಲಿ ಸಿಗುತ್ತದೆ.

ಸಮಯದ ವಿಚಾರ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ಬ್ರಿಟನ್ನಿನಲ್ಲಿ ಪದವಿ ಓದುವ ವಿದೇಶಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಈ ಮಿತಿ ಎರಡು ವಾರಕ್ಕೆ 48 ಗಂಟೆ. ಅಧಿಕೃತ ರಜೆಯಲ್ಲಿ ಈ ಮಿತಿ ಇಲ್ಲದಿರುವುದರಿಂದ, ಸುತ್ತಾಡಲು ಬಿಡುವಿರುವ ವಾರಗಳೇ ಮುಂದಿನ ಅವಧಿಯ ಖರ್ಚಿಗೆ ದುಡಿಯಬೇಕಾದ ವಾರಗಳೂ ಆಗಿಬಿಡುತ್ತವೆ. ಆದ್ದರಿಂದಲೇ ಅವರ ಪ್ರವಾಸಗಳು ಬಹುಪಾಲು ವಾರಾಂತ್ಯಕ್ಕೆ, ರೈಲು ಅಥವಾ ಬಸ್ಸಿನಲ್ಲಿ ತಲುಪಬಹುದಾದ ದೂರಕ್ಕೆ ಸೀಮಿತವಾಗುತ್ತವೆ. ಅಮೆರಿಕದಂತೆ ಕಾರನ್ನೇ ನೆಚ್ಚಿಕೊಂಡ ದೇಶದಲ್ಲಿ, 25 ವರ್ಷ ತುಂಬದವರಿಗೆ ಬಾಡಿಗೆ ಕಾರಿನ ಕಂಪನಿಗಳು ಸಾಮಾನ್ಯವಾಗಿ ಹೆಚ್ಚುವರಿ ಶುಲ್ಕ ಹಾಕುವುದರಿಂದ, ರಾಷ್ಟ್ರೀಯ ಉದ್ಯಾನಗಳು ಇನ್ನಷ್ಟು ದೂರವಾಗುತ್ತವೆ.

ವೀಸಾ ನಿಯಮವೂ ದಿಕ್ಕನ್ನು ಬದಲಿಸುತ್ತದೆ. ಜರ್ಮನಿಯ ವಾಸದ ಪರವಾನಗಿ ಇರುವ ವಿದ್ಯಾರ್ಥಿ ಉಳಿದ ಷೆಂಗೆನ್ ದೇಶಗಳಲ್ಲಿ (ತಮ್ಮ ನಡುವಿನ ಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆ ಇಲ್ಲದ ಯುರೋಪಿನ ದೇಶಗಳಲ್ಲಿ) ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳವರೆಗೆ ಸುತ್ತಾಡಬಹುದಾದ್ದರಿಂದ, ಅವನು ಓದುವ ದೇಶಕ್ಕಿಂತ ನೆರೆಯ ದೇಶಗಳನ್ನೇ ಹೆಚ್ಚು ನೋಡುವುದುಂಟು.

ತಂದೆತಾಯಿ ನೋಡಲು ಬಂದಾಗ ಚಿತ್ರವೇ ಬೇರೆ. ಆಗ ವಿದ್ಯಾರ್ಥಿ ಮಾರ್ಗದರ್ಶಿಯಾಗುತ್ತಾನೆ, ಖರ್ಚು ಮನೆಯವರದಾಗುತ್ತದೆ, ಹೆಸರಾಂತ ಸ್ಥಳಗಳು ಪಟ್ಟಿಗೆ ಸೇರುತ್ತವೆ.

ವಿಶ್ವವಿದ್ಯಾಲಯಗಳು ರಿಯಾಯಿತಿ ಚೀಟಿ ಹಂಚುವುದರ ಜೊತೆಗೆ, ಗೆಳೆತನದ ಗುಂಪುಗಳು ಗಟ್ಟಿಯಾಗುವ ಮೊದಲೇ, ಅಂದರೆ ಮೊದಲ ಕೆಲವು ವಾರಗಳಲ್ಲೇ, ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳನ್ನೂ ಸ್ಥಳೀಯ ಸಹಪಾಠಿಗಳನ್ನೂ ಬೆರೆಸಿ ಒಂದು ದಿನದ ಪ್ರವಾಸಗಳನ್ನು ಏರ್ಪಡಿಸಬೇಕೆಂದು ನಾನು ಒತ್ತಾಯಿಸುತ್ತೇನೆ.