ಪ್ಯಾಪ್ ಸ್ಲೈಡನ್ನು ಕಂಪ್ಯೂಟರ್ ಓದುವ ಬಗೆ

ಗರ್ಭಕಂಠದ ಕ್ಯಾನ್ಸರನ್ನು ಮುಂಚಿತವಾಗಿ ಪತ್ತೆಹಚ್ಚುವ ಪ್ಯಾಪ್ ಪರೀಕ್ಷೆಗೆಂದು ಗರ್ಭಕಂಠದಿಂದ ತೆಗೆದ ಮಾದರಿಯ ಒಂದು ಸ್ಲೈಡಿನಲ್ಲಿ ಸಾವಿರಾರು, ಕೆಲವೊಮ್ಮೆ ಲಕ್ಷಕ್ಕೂ ಮಿಕ್ಕಿದ ಜೀವಕೋಶಗಳಿರುತ್ತವೆ. ಕ್ಯಾನ್ಸರ್‌ಪೂರ್ವ ಬದಲಾವಣೆ ಕಾಣುವುದು ಅವುಗಳಲ್ಲಿ ಬೆರಳೆಣಿಕೆಯಷ್ಟರಲ್ಲಿ ಮಾತ್ರ ಇರಬಹುದು. ಈ ಹುಡುಕಾಟವನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನ 1950ರ ದಶಕದಲ್ಲೇ ಅಮೆರಿಕದಲ್ಲಿ ನಡೆದಿತ್ತು. ಆಗಿನ ಸೈಟೊಅನಲೈಸರ್ ಎಂಬ ಯಂತ್ರ ಸುಳ್ಳು ಎಚ್ಚರಿಕೆಗಳನ್ನೇ ಹೆಚ್ಚಾಗಿ ಕೊಟ್ಟು ಮೂಲೆಗುಂಪಾಯಿತು. 2003ರಲ್ಲಿ ಅಲ್ಲಿ ಮಂಜೂರಾತಿ ಪಡೆದ ಥಿನ್‌ಪ್ರೆಪ್ ಇಮೇಜಿಂಗ್ ವ್ಯವಸ್ಥೆ ಪ್ರತಿ ಸ್ಲೈಡಿನಲ್ಲಿ 22 ಜಾಗಗಳನ್ನು ಗುರುತಿಸಿಕೊಡುತ್ತದೆ. ಅವುಗಳಲ್ಲಿ ಸಂಶಯಕ್ಕೆ ಎಡೆಯಿದ್ದರೆ ತಂತ್ರಜ್ಞರು ಇಡೀ ಸ್ಲೈಡನ್ನು ನೋಡುತ್ತಾರೆ.

ಯಂತ್ರ ಮುಖ್ಯವಾಗಿ ಅಳೆಯುವುದು ಕೋಶಕೇಂದ್ರವನ್ನು: ಅದರ ವಿಸ್ತೀರ್ಣ, ಬಣ್ಣದ ಗಾಢತೆ, ಅಂಚಿನ ಏರುಪೇರು, ಸುತ್ತಲಿನ ಕೋಶದ್ರವ್ಯಕ್ಕೆ ಅದರ ಅನುಪಾತ. ಕೇಂದ್ರ ದೊಡ್ಡದಾಗಿ ಉಬ್ಬಿದ ಕೋಶ ಸುಲಭವಾಗಿ ಸಿಕ್ಕಿಬೀಳುತ್ತದೆ. ಆದರೆ ಹೆಚ್ಚು ಅಪಾಯಕಾರಿಯಾದ ಉನ್ನತ ದರ್ಜೆಯ ಬದಲಾವಣೆಯಲ್ಲಿ ಕೋಶವೇ ಚಿಕ್ಕದಾಗಿರುತ್ತದೆ, ಕೇಂದ್ರ ಕಪ್ಪಗಿದ್ದು ಅದರ ಬಹುಭಾಗವನ್ನು ಆವರಿಸಿರುತ್ತದೆ. ಮುಟ್ಟು ನಿಂತ ಮಹಿಳೆಯರ ಆರೋಗ್ಯವಂತ ಕೋಶಗಳೂ ಹೆಚ್ಚುಕಡಿಮೆ ಹೀಗೇ ಕಾಣುವುದುಂಟು. ಇಲ್ಲಿ ಮನುಷ್ಯರೂ ಎಡವುತ್ತಾರೆ, ಯಂತ್ರವೂ ಎಡವುತ್ತದೆ. ಇಂಗ್ಲೆಂಡಿನಲ್ಲಿ 70,000ಕ್ಕೂ ಹೆಚ್ಚು ಮಹಿಳೆಯರ ಮಾದರಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಮ್ಯಾವರಿಕ್ ಅಧ್ಯಯನದಲ್ಲಿ, ಯಂತ್ರದ ನೆರವಿನ ಓದು ಮನುಷ್ಯರ ಓದಿಗಿಂತ ಶೇ 8ರಷ್ಟು ಕಡಿಮೆ ಸೂಕ್ಷ್ಮವೆಂದು, ಅಂದರೆ ಇರುವ ರೋಗವನ್ನು ಹಿಡಿಯುವುದರಲ್ಲಿ ಅಷ್ಟು ಹಿಂದೆಂದು ಕಂಡುಬಂದಿತು. ಕಲಿಕೆಯಿಂದ ಪಳಗುವ ಇಂದಿನ ತಂತ್ರಾಂಶಗಳು ಆ ಪೀಳಿಗೆಯವಲ್ಲ ಎಂಬುದು ನಿಜ; ಆದರೂ ಅವುಗಳನ್ನು ಇದೇ ಪ್ರಮಾಣದಲ್ಲಿ ಒರೆಗೆ ಹಚ್ಚಬೇಕೆಂಬುದು ನನ್ನ ದೃಢ ಅಭಿಪ್ರಾಯ.

ನಮ್ಮಲ್ಲಿ ತೊಡಕು ಲ್ಯಾಬಿಗೂ ಮೊದಲೇ ಶುರುವಾಗುತ್ತದೆ. ಗಾಜಿನ ಮೇಲೆ ಹಚ್ಚಿದ ಮಾದರಿಯನ್ನು ತಕ್ಷಣ ಶೇ 95ರ ಆಲ್ಕೋಹಾಲಿನಲ್ಲಿ ಮುಳುಗಿಸಬೇಕು. ಶಿಬಿರದ ಗಡಿಬಿಡಿಯಲ್ಲಿ ಸ್ವಲ್ಪ ತಡವಾದರೂ ಕೋಶಗಳು ಗಾಳಿಗೆ ಒಣಗುತ್ತವೆ. ಕೇಂದ್ರ ಹಿಗ್ಗಿ, ಒಳವಿನ್ಯಾಸ ಮಸುಕಾಗುತ್ತದೆ. ಕೇಂದ್ರದ ಅಳತೆಯನ್ನೇ ನೆಚ್ಚಿದ ಯಂತ್ರಕ್ಕೆ ಇದು ರೋಗದಂತೆ ತೋರಬಹುದು. ರಕ್ತ, ಕೀವು, ದಪ್ಪನಾದ ಲೇಪನ ಇದ್ದಲ್ಲಿ ನಿಜವಾದ ರೋಗವೇ ಮರೆಯಾಗಿಬಿಡುತ್ತದೆ. ಒಂದು ಲ್ಯಾಬಿನಲ್ಲಿ ಕೋಶಗಳಿಗೆ ಹಾಕುವ ಬಣ್ಣಕ್ಕೆ ಪಳಗಿದ ತಂತ್ರಾಂಶ ಇನ್ನೊಂದು ಲ್ಯಾಬಿನ ಸ್ಲೈಡಿನಲ್ಲಿ ತಪ್ಪು ಓದುವುದೂ ಉಂಟು. ಹಾಗಾಗಿ ಸ್ಕ್ಯಾನರ್ ಕೊಳ್ಳಲು ಹೊರಟ ಆಸ್ಪತ್ರೆಗಳು ಮೊದಲು ಮಾದರಿ ತೆಗೆಯುವ ನರ್ಸ್‌ಗಳ ತರಬೇತಿಗೆ, ಬಣ್ಣ ಹಾಕುವ ಕ್ರಮದ ಏಕರೂಪತೆಗೆ ಹಣ ತೆಗೆದಿಡಬೇಕು.

ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಮೊದಲ ತಪಾಸಣೆಯಾಗಿ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ಡಿಎನ್ಎ ಪರೀಕ್ಷೆಯನ್ನೇ ಮುಂದಿಡುತ್ತಿದೆ. ಅದರಲ್ಲಿ ಪಾಸಿಟಿವ್ ಬಂದವರ ಪೈಕಿ ಯಾರಿಗೆ ಹೆಚ್ಚಿನ ತಪಾಸಣೆ ತುರ್ತು ಎಂದು ವಿಂಗಡಿಸಲು ಸ್ಲೈಡ್ ಓದುವ ಯಂತ್ರ ನೆರವಾಗಬಲ್ಲದು. ಓದಿದವರು ಯಾರೇ ಇರಲಿ, ವರದಿ ಕೈಗೆ ಬಂದಾಗ ಮಾದರಿ ಸಮರ್ಪಕವಾಗಿತ್ತೇ ಎಂಬ ಸಾಲನ್ನು ಮೊದಲು ನೋಡಿ. ಸಮರ್ಪಕವಲ್ಲ ಎಂದಿದ್ದರೆ ಅದು ರೋಗವಿಲ್ಲವೆಂಬ ಭರವಸೆಯಲ್ಲ, ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು.